ಕಾಯಿಲೆಯ ಹೆಸರನ್ನು ಮೊದಲ ಸಾಲಿನಲ್ಲೇ ಹೇಳಿ

ನಮಸ್ಕಾರ. ಮುಂಬಯಿಯ ಕನ್ನಡಿಗರ ಮುಂದೆ ಇಂದು ನಾನು ಇಡಬೇಕೆಂದಿರುವುದು ಶೆಲ್ಟರಿನ ಪಂಜರಗಳಲ್ಲಿ ಉಳಿದುಬಿಟ್ಟಿರುವ ಕಾಯಿಲೆಯ ಬೀದಿ ಬೆಕ್ಕುಗಳಿಗೆ ಮನೆ ಹುಡುಕುವ ವಿಚಾರ. ಪ್ರಾಣಿಗಳ ಆರೈಕೆ ಈ ಊರಿಗೆ ಹೊಸದಲ್ಲ. ಪರೇಲಿನ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪಶು ಆಸ್ಪತ್ರೆ ಆರಂಭವಾದದ್ದು 1880ರ ದಶಕದಲ್ಲಿ. ಗಾಯಗೊಂಡ ಬೆಕ್ಕನ್ನು ಚೀಲದಲ್ಲಿಟ್ಟುಕೊಂಡು, ತಮ್ಮ ಕೈಯಿಂದ ರಿಕ್ಷಾ ಬಾಡಿಗೆ ಕೊಟ್ಟು ಪಶುವೈದ್ಯರ ಬಳಿಗೆ ಓಡುವವರು ಮಾಟುಂಗದಲ್ಲೂ ಇದ್ದಾರೆ, ಡೊಂಬಿವಲಿಯಲ್ಲೂ ಇದ್ದಾರೆ. ಕೊರತೆಯಿರುವುದು ಚಿಕಿತ್ಸೆಯ ನಂತರ ಬೇಕಾಗುವ ಮನೆಗೆ.

ಮರಿಗಳಿಗೆ ಬೇಗ ಮನೆ ಸಿಗುತ್ತದೆ. ಬೆಳೆದ ಬೆಕ್ಕು, ಅದರಲ್ಲೂ ಕಾಯಿಲೆಯ ಬೆಕ್ಕು, ತಿಂಗಳುಗಟ್ಟಲೆ ಅಲ್ಲೇ ಕುಳಿತಿರುತ್ತದೆ. ಜನರಿಗೆ ಕರುಣೆ ಇಲ್ಲವೆಂದು ದೂರುವವರ ಮಾತನ್ನು ನಾನು ಒಪ್ಪುವುದಿಲ್ಲ. ನಾವು ಆ ಬೆಕ್ಕನ್ನು ಪರಿಚಯಿಸುವ ರೀತಿಯಲ್ಲೇ ತಪ್ಪಿದೆ. ಒಂದೋ ಕಾಯಿಲೆಯನ್ನು ಮುಚ್ಚಿಡುತ್ತೇವೆ, ಇಲ್ಲವೇ ಕೀವು ತುಂಬಿದ ಕಣ್ಣಿನ ಚಿತ್ರ ಹಾಕಿ, "ಇಂದೇ ಯಾರಾದರೂ ಕರೆದೊಯ್ಯದಿದ್ದರೆ ಸಾಯುತ್ತದೆ" ಎಂದು ಹೆದರಿಸುತ್ತೇವೆ. ಹೆದರಿದವರು ದುಡ್ಡು ಕಳುಹಿಸಬಹುದು, ಬೆಕ್ಕನ್ನು ಮನೆಗೆ ಕರೆದುಕೊಂಡು ಹೋಗುವುದಿಲ್ಲ.

ಮುಚ್ಚಿಟ್ಟರೆ ಏನಾಗುತ್ತದೆಂಬುದನ್ನು ನನಗೆ ಪರಿಚಯದ ಒಂದು ಕುಟುಂಬದಲ್ಲಿ ಕಂಡೆ. "ಸ್ವಲ್ಪ ಶೀತವಿತ್ತು, ಈಗ ವಾಸಿಯಾಗಿದೆ" ಎಂಬ ಮಾತನ್ನು ನಂಬಿ ಅವರು ಒಂದು ಹೆಣ್ಣು ಬೆಕ್ಕನ್ನು ದತ್ತು ತೆಗೆದುಕೊಂಡರು. ಹೊಸ ಮನೆಗೆ ಬಂದ ಸ್ವಲ್ಪ ದಿನಕ್ಕೇ ಅದಕ್ಕೆ ಮತ್ತೆ ಸೀನು, ಕಣ್ಣಿನಲ್ಲಿ ನೀರು. ಅದು ಬೆಕ್ಕುಗಳ ಹರ್ಪಿಸ್ ವೈರಸ್. ಒಮ್ಮೆ ಸೋಂಕು ತಗುಲಿದರೆ ದೇಹದಲ್ಲಿ ಜೀವನಪೂರ್ತಿ ಅಡಗಿದ್ದು, ಜಾಗ ಬದಲಾದಾಗ, ಗದ್ದಲ ಹೆಚ್ಚಾದಾಗ, ಭಯವಾದಾಗ ಮತ್ತೆ ತಲೆಯೆತ್ತುವುದು ಅದರ ಸ್ವಭಾವ. ಅನೇಕ ಸಲ ಕಣ್ಣಿನ ಹನಿ, ಬಿಸಿ ಮಾಡಿದ ಪರಿಮಳದ ಆಹಾರ ಮತ್ತು ಶಾಂತವಾದ ಮೂಲೆಯಿಂದಲೇ ಅದು ಹತೋಟಿಗೆ ಬರುತ್ತದೆ. ಆದರೆ ಸಂಬಂಧ ಕುದುರಿಸುವಾಗ ಮುಚ್ಚಿಟ್ಟ ಮಾತು ಮದುವೆಯಾದ ಮರುವಾರ ಹೊರಬಿದ್ದಂತಾಗಿ, ಆ ಮನೆಯವರ ನಂಬಿಕೆ ಮುರಿಯಿತು. ಬೆಕ್ಕು ಮರಳಿ ಪಂಜರಕ್ಕೆ ಹೋಯಿತು. ಮೊದಲೇ ತಿಳಿಸಿದ್ದರೆ ಅವರು ಸಾಕುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ, ಏಕೆಂದರೆ ಅವರು ಔಷಧಕ್ಕೆ ಅಂಜುವ ಜನರಲ್ಲ.

ಇನ್ನೊಂದು ಬೆಕ್ಕಿನ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೀನು ಮಾರುಕಟ್ಟೆಯ ಹಿಂಬದಿಯಿಂದ ತಂದ, ಅಗಲ ಮುಖದ, ಕೇಸರಿ ಬಣ್ಣದ ಗಂಡು ಬೆಕ್ಕು ಅದು. ತಟ್ಟೆ ಇಟ್ಟೊಡನೆ ಆಸೆಯಿಂದ ಓಡಿಬರುತ್ತಿತ್ತು. ಒಮ್ಮೆ ಮೂಸಿ, ಒಮ್ಮೆ ನೆಕ್ಕಿ, ಕಿರುಚಿ ಹಿಂದಕ್ಕೆ ಹಾರಿ, ಮುಂಗಾಲಿನಿಂದ ಬಾಯಿಯನ್ನು ಕೆರೆದುಕೊಳ್ಳುತ್ತಿತ್ತು. ಗಲ್ಲದ ಕೂದಲು ಜೊಲ್ಲಿನಿಂದ ಕಂದಾಗಿ ಅಂಟಿಕೊಂಡಿತ್ತು. ಬಾಯಿ ತೆರೆದು ನೋಡಿದರೆ ಒಸಡು ಮಾತ್ರವಲ್ಲ, ಗಂಟಲಿನ ಹತ್ತಿರದವರೆಗೂ ಹಸಿ ಗಾಯದ ಕೆಂಪು. ರಕ್ತ ಪರೀಕ್ಷೆಯಲ್ಲಿ, ಬೆಕ್ಕುಗಳ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ವೈರಸ್ ಆದ ಎಫ್‌ಐವಿ ಪಾಸಿಟಿವ್ ಎಂದು ಬಂತು. ಇಂಥ ಬಾಯಿಯ ಉರಿಯೂತಕ್ಕೆ ಹಲ್ಲುಗಳನ್ನೆಲ್ಲ ಕೀಳುವುದೇ ಅನೇಕ ಬೆಕ್ಕುಗಳಿಗೆ ದೊಡ್ಡ ಪರಿಹಾರ, ಮತ್ತು ಅದಕ್ಕೂ ಅದನ್ನೇ ಮಾಡಲಾಯಿತು. ಬೆಕ್ಕನ್ನು ನೋಡಲು ಬಂದ ಭಾಂಡುಪಿನ ಅಜ್ಜಿಯೊಬ್ಬರು, "ಹಲ್ಲೇ ಇಲ್ಲದ ಮೇಲೆ ಇದು ತಿನ್ನುವುದಾದರೂ ಏನು ಮಗಾ?" ಎಂದು ಕೇಳಿದರು. ಅಷ್ಟರಲ್ಲಿ ಅದು ಉಪ್ಪಿಲ್ಲದೆ ಬೇಯಿಸಿ ಹಿಸುಕಿದ ಕೋಳಿಮಾಂಸವನ್ನು ಮುಗಿಸಿ, ತಟ್ಟೆಯನ್ನು ನೆಲದ ಮೇಲೆ ತಳ್ಳಿಕೊಂಡು ನೆಕ್ಕುತ್ತಿತ್ತು.

ಎಫ್‌ಐವಿ ಎಂಬ ಮೂರಕ್ಷರ ಕೇಳಿದೊಡನೆ ಜನ ಹಿಂದೆ ಸರಿಯುತ್ತಾರೆ. 1986ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೊದಲು ಗುರುತಿಸಲಾದ ಈ ವೈರಸ್ ಮನುಷ್ಯರಿಗೆ ತಗುಲುವುದಿಲ್ಲ. ಬೆಕ್ಕಿನಿಂದ ಬೆಕ್ಕಿಗೆ ಇದು ಮುಖ್ಯವಾಗಿ ಆಳವಾದ ಕಚ್ಚುಗಾಯದಿಂದ ಹರಡುತ್ತದೆ, ಆದ್ದರಿಂದಲೇ ಕಾದಾಡುವ ಬೀದಿಯ ಗಂಡು ಬೆಕ್ಕುಗಳಲ್ಲಿ ಹೆಚ್ಚು. ಸಂತಾನಹರಣ ಶಸ್ತ್ರಚಿಕಿತ್ಸೆಯಾಗಿ, ಮನೆಯೊಳಗೇ ಇದ್ದು, ಹಲ್ಲು ಮತ್ತು ತೂಕದ ತಪಾಸಣೆ ತಪ್ಪದೆ ನಡೆಯುತ್ತಿದ್ದರೆ ಇಂಥ ಬೆಕ್ಕು ಅನೇಕ ವರ್ಷ ಬಾಳಬಲ್ಲದು. ಮರಿಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು: ತಾಯಿಯಿಂದ ಬಂದ ಪ್ರತಿಕಾಯಗಳಿಂದಲೂ ಪರೀಕ್ಷೆ ಪಾಸಿಟಿವ್ ತೋರಿಸಬಹುದು, ಆದ್ದರಿಂದ ಆರು ತಿಂಗಳು ದಾಟಿದ ಮೇಲೆ ಮತ್ತೆ ಪರೀಕ್ಷಿಸದೆ ಆ ಮರಿಗೆ ಹಣೆಪಟ್ಟಿ ಹಚ್ಚಬಾರದು. ಎಫ್‌ಇಎಲ್‌ವಿ, ಅಂದರೆ ಬೆಕ್ಕುಗಳ ಲ್ಯುಕೇಮಿಯಾ ವೈರಸ್, ಬೇರೆಯದೇ ಮಾತು. ಅದು ಪರಸ್ಪರ ನೆಕ್ಕುವುದರಿಂದಲೂ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದಲೂ ಹರಡುತ್ತದೆ. ಅಂಥ ಬೆಕ್ಕಿಗೆ ಬೇರೆ ಬೆಕ್ಕಿಲ್ಲದ ಮನೆಯನ್ನೇ ಹುಡುಕಬೇಕು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ದತ್ತು ಪ್ರಕಟಣೆಯ ಮೊದಲ ಸಾಲಿನಲ್ಲಿ ಕಾಯಿಲೆಯ ಹೆಸರಿರಲಿ. ಅದರ ಕೆಳಗೆ ದಿನಕ್ಕೆ ಎಷ್ಟು ಸಲ ಏನು ಕೊಡಬೇಕು, ತಿಂಗಳಿಗೆ ಅಂದಾಜು ಖರ್ಚೆಷ್ಟು, ಯಾವ ಲಕ್ಷಣ ಕಂಡರೆ ಕೂಡಲೇ ವೈದ್ಯರ ಬಳಿಗೆ ಹೋಗಬೇಕು ಎಂಬುದಿರಲಿ. ಬೆಕ್ಕಿನ ಜೊತೆ ಒಂದು ಹಾಳೆಯನ್ನೂ ಬರೆದು ಕೊಡಿ. ಜ್ವರ ಬಂತೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನು ಕೊಟ್ಟರೂ ಬೆಕ್ಕು ಸಾಯಬಹುದು ಎಂದು ಅದರಲ್ಲಿ ಇರಬೇಕು. ನೆಲ ಒರೆಸುವ ಫಿನಾಯಿಲ್ ಕೂಡ ಅವುಗಳಿಗೆ ವಿಷ, ಏಕೆಂದರೆ ಪಾದಕ್ಕೆ ಅಂಟಿದ್ದನ್ನು ಅವು ನೆಕ್ಕುತ್ತವೆ. ನಮ್ಮ ಬಹುತೇಕ ಮನೆಗಳಲ್ಲಿ ಈ ಎರಡೂ ಕೈಗೆಟುಕುವಷ್ಟು ಹತ್ತಿರದಲ್ಲೇ ಇರುತ್ತವೆ.

ಶೆಲ್ಟರ್ ನಡೆಸುವವರಿಗೂ ಒಂದು ಮಾತು. ನಿಮ್ಮ ಶ್ರಮದ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ಸ್ವಂತ ಫ್ಲ್ಯಾಟ್ ಇಲ್ಲ, ಒಂದೇ ಕೋಣೆ, ಒಂಟಿಯಾಗಿರುತ್ತಾರೆ ಎಂಬ ಕಾರಣಕ್ಕೆ ಅರ್ಜಿಗಳನ್ನು ಬದಿಗಿಡುವುದು ನನಗೆ ಸರಿ ಕಾಣುವುದಿಲ್ಲ. ಹೆದರಿದ, ನಿತ್ರಾಣವಾದ ಬೆಕ್ಕಿಗೆ ಮೊದಲ ವಾರಗಳಲ್ಲಿ ಬೇಕಾದದ್ದೇ ಚಿಕ್ಕ ಜಾಗ. ಮೂರು ಬೆಡ್‌ರೂಮಿನ ಮನೆಯಲ್ಲಿ ಅದು ಕಪಾಟಿನ ಹಿಂದೆ ಸೇರಿಕೊಂಡರೆ ಔಷಧದ ಹೊತ್ತಿಗೆ ಹುಡುಕುವುದೇ ಕೆಲಸ. ಒಂದು ಕೋಣೆ, ಒಂದು ಅಡುಗೆಮನೆಯ ಖೋಲಿಯಲ್ಲಿ ಅದು ತಿಂದದ್ದೆಷ್ಟು, ಮೂತ್ರ ಮಾಡಿತೇ, ರಾತ್ರಿ ಕೆಮ್ಮಿತೇ ಎಂಬುದೆಲ್ಲ ಕಣ್ಣೆದುರೇ ಇರುತ್ತದೆ. ಘಾಟ್‌ಕೋಪರ್, ಭಾಂಡುಪ್, ಕಲ್ಯಾಣದ ಕಡೆ ಹೀಗೆ ಬಾಳುವ ನಮ್ಮವರು ಎಷ್ಟು ಜನರಿಲ್ಲ! ಕರಾವಳಿಯಿಂದ ಬಂದವರ ಮನೆಯಲ್ಲಿ ಬಂಗುಡೆ ತೊಳೆಯುವಾಗ ಬಾಗಿಲಲ್ಲಿ ಬೆಕ್ಕು ಕುಳಿತಿರುವುದು ಊರಿನಿಂದಲೇ ಬಂದ ರೂಢಿ. ಕೇಳಬೇಕಾದದ್ದನ್ನು ಅವಶ್ಯ ಕೇಳಿ: ಮನೆಯ ಮಾಲೀಕರ ಒಪ್ಪಿಗೆ ಬರಹದಲ್ಲಿದೆಯೇ, ಕಿಟಕಿಗೆ ಗ್ರಿಲ್ ಸಾಲದು, ಜಾಳಿಗೆ ಹಾಕಿಸಿದ್ದಾರೆಯೇ, ಊರಿಗೆ ಹೋದಾಗ ಹನಿ ಹಾಕುವವರು ಯಾರು ಎಂದು. ಸೊಸೈಟಿಯವರು ಅಡ್ಡ ಬಂದರೆ, ನಿವಾಸಿಗಳ ಸಂಘಗಳು ಸಾಕುನಾಯಿಗಳನ್ನೇ ನಿಷೇಧಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಹೊರಡಿಸಿದ ಮಾರ್ಗಸೂಚಿಯ ಪ್ರತಿಯನ್ನು ದತ್ತು ಪತ್ರದ ಜೊತೆಗೇ ಕೊಟ್ಟುಬಿಡಿ.

ಶಾಶ್ವತ ದತ್ತು ಭಾರವೆನಿಸುವವರಿಗೆ ಫಾಸ್ಟರ್ ಮನೆಯಾಗುವ ದಾರಿಯಿದೆ. ಬೆಕ್ಕು ನಿಮ್ಮಲ್ಲಿರುತ್ತದೆ, ಚಿಕಿತ್ಸೆಯ ಖರ್ಚು ಮತ್ತು ಹೊಣೆ ಶೆಲ್ಟರಿನದೇ ಆಗಿರುತ್ತದೆ. ಈ ಒಪ್ಪಂದವನ್ನು ಬಾಯಿಮಾತಿನಲ್ಲಿ ಬಿಡದೆ ಬರೆದುಕೊಳ್ಳಿ. ಬೆಕ್ಕುಗಳ ಪಾರ್ವೊ, ಅಂದರೆ ಪ್ಯಾನ್‌ಲ್ಯುಕೋಪೀನಿಯಾದಿಂದ ಬೆಕ್ಕು ಸತ್ತ ಮನೆಯಾದರೆ ಅದನ್ನು ಮೊದಲೇ ತಿಳಿಸಿ, ಏಕೆಂದರೆ ಆ ವೈರಸ್ ನೆಲ, ಬಟ್ಟೆ, ಪಾತ್ರೆಗಳಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಲಸಿಕೆಯಾಗದ ಬೆಕ್ಕನ್ನು ಅಲ್ಲಿಗೆ ತರಬಾರದು.

ಮಳೆಗಾಲದಲ್ಲಿ ಶೆಲ್ಟರುಗಳು ತುಂಬಿಹೋಗುತ್ತವೆ, ಒದ್ದೆ ಗಾಳಿಯಲ್ಲಿ ಒಂದು ಪಂಜರದ ಸೀನು ಹತ್ತು ಪಂಜರಕ್ಕೆ ದಾಟುತ್ತದೆ. ನಿಮ್ಮ ಹತ್ತಿರದ ಶೆಲ್ಟರಿಗೆ ಈ ವಾರವೇ ಫೋನು ಮಾಡಿ. ಮರಿಗಳಿವೆಯೇ ಎಂದು ವಿಚಾರಿಸುವ ಮೊದಲು, ಅಲ್ಲಿ ಬಹಳ ಕಾಲದಿಂದ ಉಳಿದಿರುವ ಬೆಕ್ಕು ಯಾವುದು, ಅದಕ್ಕಿರುವ ಕಾಯಿಲೆ ಏನು, ಅದರ ಔಷಧದ ಚೀಟಿಯನ್ನು ಕಳುಹಿಸುತ್ತೀರಾ ಎಂದು ಕೇಳಿ.