ಗುಂಡಿ ಒತ್ತಿದ ಮೇಲೆ

ಹಾಸನ ಆಕಾಶವಾಣಿಯ ಶ್ರೋತೃಗಳಿಗೆ ನಮಸ್ಕಾರ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತು, ಇನ್ನು ಗುಂಡಿ, ಕೋಷ್ಟಕಗಳಿರುವ ಡೆಸ್ಕ್‌ಟಾಪ್ ತಂತ್ರಾಂಶ ಬರೆಯಬೇಕೆಂದು ಹೊರಟಿರುವ ನಮ್ಮ ಜಿಲ್ಲೆಯ ವಿದ್ಯಾರ್ಥಿಗಳಿಗಾಗಿ ಈ ಮಾತು.

ವಿಂಡೋ, ಗುಂಡಿಗಳನ್ನು ಕಟ್ಟಿಕೊಡುವ ಸಲಕರಣೆಗೆ ಕೊರತೆಯಿಲ್ಲ. ಟಿಕಿಂಟರ್ ಸಾಮಾನ್ಯವಾಗಿ ಪೈಥಾನ್ ಜೊತೆಗೇ ಬರುತ್ತದೆ. ಜಿಟಿಕೆ ಎಂಬ ಇನ್ನೊಂದನ್ನು ಪೈಥಾನ್‌ನಿಂದ ಬಳಸಲು ಪೈಜಿಆಬ್ಜೆಕ್ಟ್ ಇದೆ. ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದ ಕ್ಯೂಟ್ ಅನ್ನು ಪೈಥಾನ್‌ನಿಂದ ಬಳಸಲು ಪೈಕ್ಯೂಟ್, ಪೈಸೈಡ್ ಎಂಬ ಬೈಂಡಿಂಗ್‌ಗಳು, ಅಂದರೆ ಎರಡು ಭಾಷೆಗಳ ನಡುವಿನ ಸೇತುವೆಗಳಿವೆ. ಇವುಗಳಲ್ಲಿ ಯಾವುದು ಮೇಲು ಎಂಬ ವಾದದಲ್ಲೇ ಸೆಮಿಸ್ಟರ್ ಕಳೆಯುವವರಿದ್ದಾರೆ. ದಯವಿಟ್ಟು ಒಂದನ್ನು ಹಿಡಿಯಿರಿ. ಯಾವುದನ್ನು ಹಿಡಿದರೂ ನಿಯಮ ಒಂದೇ: ಗುಂಡಿ ಒತ್ತಿದಾಗ ಓಡುವ ಫಂಕ್ಷನ್ ಕೂಡಲೇ ಮುಗಿಯಬೇಕು.

ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ, ಕೊಯ್ಲಿನ ತೂಕ ಬರೆದಿಡಲು ವಿದ್ಯಾರ್ಥಿಯೊಬ್ಬ ಪೈಸೈಡ್‌ನಲ್ಲಿ ತಂತ್ರಾಂಶ ಬರೆದುಕೊಟ್ಟಿದ್ದ. ‘ಉಳಿಸಿ’ ಎಂಬ ಗುಂಡಿ ಒತ್ತಿದರೆ ತೂಕವು ದೂರದ ಸರ್ವರ್‌ಗೆ ಹೋಗಬೇಕು. ತೋಟದಲ್ಲಿ ನೆಟ್‌ವರ್ಕ್ ಹೇಗಿರುತ್ತದೆಂದು ನಿಮಗೇ ಗೊತ್ತು. ಸಂಜೆ ಹಣ್ಣಿನ ಚೀಲ ಹೊತ್ತವರೆಲ್ಲ ಸಾಲಾಗಿ ನಿಂತಿರುವಾಗ, ಉಬುಂಟು ಹಾಕಿದ ಹಳೆಯ ಲ್ಯಾಪ್‌ಟಾಪಿನಲ್ಲಿ ವಿಂಡೋ ಮಂಕಾಗಿ ನಿಂತುಬಿಟ್ಟಿತು. ತೋಟದ ಲೆಕ್ಕ ಬರೆಯುವ ರೈಟರ್ ಅವರು ಇನ್ನೊಮ್ಮೆ ಒತ್ತಿದರು, ಮತ್ತೆ ಒತ್ತಿದರು, ಸಿಟ್ಟಿನಿಂದ ಮಗದೊಮ್ಮೆ ಒತ್ತಿದರು. ನೆಟ್‌ವರ್ಕ್ ಬಂದೊಡನೆ ಕಾದಿದ್ದ ಒತ್ತುಗಳೆಲ್ಲ ಒಂದೊಂದಾಗಿ ಜಾರಿಯಾಗಿ, ಒಬ್ಬಾಕೆಯ 60 ಕಿಲೋ ಹಣ್ಣು 240 ಕಿಲೋ ಆಯಿತು! ಬಟವಾಡೆಯ ದಿನ ಆದ ಗಲಾಟೆಯನ್ನು ನೀವೇ ಊಹಿಸಿಕೊಳ್ಳಿ.

ಕಾರಣ ಸರಳ. ವಿಂಡೋವನ್ನು ಪರದೆಯ ಮೇಲೆ ಬಿಡಿಸುವುದೂ ಒತ್ತಿದ್ದನ್ನು ಗಮನಿಸುವುದೂ ಇವೆಂಟ್ ಲೂಪ್ ಎಂಬ ಒಂದೇ ಸುತ್ತಿನ ಕೆಲಸ. ತೂಕ ಹಾಕುವ ರೈಟರೇ ಎದ್ದು ಪೇಟೆಗೆ ಹೋದರೆ ಸಾಲು ಹೇಗೆ ನಿಲ್ಲುತ್ತದೆಯೋ, ನಿಮ್ಮ ಫಂಕ್ಷನ್ ಸರ್ವರ್‌ಗಾಗಿ ಕಾಯುತ್ತ ಕುಳಿತರೆ ಎಲ್ಲವೂ ಹಾಗೆಯೇ ನಿಲ್ಲುತ್ತದೆ. ಮೊದಲೇ ಬರೆದಿಟ್ಟ ‘ದಯವಿಟ್ಟು ಕಾಯಿರಿ’ ಎಂಬ ಸಾಲು ಕೂಡ ಪರದೆಗೆ ಬರುವುದಿಲ್ಲ.

ಆದ್ದರಿಂದ ಗುಂಡಿಯನ್ನು ತಕ್ಷಣ ನಿಷ್ಕ್ರಿಯಗೊಳಿಸಿ, ದೀರ್ಘ ಕೆಲಸವನ್ನು ಕ್ಯೂಟ್‌ನ ಕ್ಯೂಥ್ರೆಡ್‌ಗೆ, ಅಂದರೆ ಪಕ್ಕದಲ್ಲಿ ಬೇರೆಯಾಗಿ ಓಡುವ ಥ್ರೆಡ್‌ಗೆ ವಹಿಸಿ, ಫಲಿತಾಂಶವನ್ನು ಸಿಗ್ನಲ್ ಎಂಬ ಸಂದೇಶದ ಮೂಲಕ ತರಿಸಿಕೊಳ್ಳಿ. ಆ ಥ್ರೆಡ್‌ನಿಂದ ವಿಂಡೋವನ್ನು ಮುಟ್ಟಬೇಡಿ. ನಡುನಡುವೆ, ಕಾದಿರುವ ಒತ್ತುಗಳನ್ನು ಗಮನಿಸು ಎನ್ನುವ ಪ್ರೊಸೆಸ್‌ಇವೆಂಟ್ಸ್ ಕರೆದರೆ ಸಾಲದೇ ಎಂದು ಪ್ರತಿ ತರಗತಿಯಲ್ಲೂ ಕೇಳುತ್ತಾರೆ. ಸಾಲದು, ಅದು ತೇಪೆ.

ಸಮಯ ಮುಗಿಯುತ್ತ ಬಂದಿದೆ. ಗುಂಡಿಗಳನ್ನು ಪಿಕ್ಸೆಲ್ ಎಣಿಸಿ ಕೂರಿಸದೆ, ಜಾಗವನ್ನು ತಾನೇ ಹೊಂದಿಸುವ ಲೇಔಟ್‌ಗೆ ಬಿಡಿ, ಇಲ್ಲವಾದರೆ ಉದ್ದದ ಕನ್ನಡ ಪದಗಳು ಕತ್ತರಿಸಿಹೋಗುತ್ತವೆ. ಪೈಕ್ಯೂಟ್‌ಗೆ ಜಿಪಿಎಲ್ ಎಂಬ ಮುಕ್ತ ತಂತ್ರಾಂಶದ ಪರವಾನಗಿ ಅಥವಾ ವಾಣಿಜ್ಯ ಪರವಾನಗಿ, ಪೈಸೈಡ್‌ಗೆ ಅದಕ್ಕಿಂತ ಸಡಿಲವಾದ ಎಲ್‌ಜಿಪಿಎಲ್ ಕೂಡ ಉಂಟು. ಮಾರುವ ಮುನ್ನ ಓದಿಕೊಳ್ಳಿ. ಇಂದೇ ನಿಮ್ಮ ಫಂಕ್ಷನ್‌ನೊಳಗೆ 10 ಸೆಕೆಂಡು ಸುಮ್ಮನೆ ಕಾಯಿಸುವ ಸ್ಲೀಪ್ ಹಾಕಿ, ಆ ಹೊತ್ತಿನಲ್ಲಿ ಬೇರೊಂದು ಗುಂಡಿ ಒತ್ತಿ ನೋಡಿ. ನಮಸ್ಕಾರ.