ನಿಂತಲ್ಲೇ ಕೆಡುವ ಕಾರು

ನಮಸ್ಕಾರ. ಪುಣೆಯ ಕೋಥ್ರೂಡಿನಲ್ಲಿ, ಕೆಳಗೆ ಪಾರ್ಕಿಂಗ್, ಮೇಲೆ ಮನೆಗಳು ಇರುವ ಒಂದು ಸಾಧಾರಣ ಸೊಸೈಟಿಯಲ್ಲಿ ನಾನು ವಾಸವಾಗಿದ್ದೇನೆ. ಅಲ್ಲಿಯ ಕೊನೆಯ ಕಂಬದ ಪಕ್ಕದಲ್ಲಿ, ಬೂದು ಬಣ್ಣದ ಹೊದಿಕೆಯ ಕೆಳಗೆ, ಎರಡೇ ಸೀಟಿನ, ಬಟ್ಟೆಯ ಚಾವಣಿಯ, ಹದಿಮೂರು ವರ್ಷ ಹಳೆಯದಾದ ಒಂದು ಜರ್ಮನ್ ಸ್ಪೋರ್ಟ್ಸ್ ಕಾರು ಇದೆ. ಹೊಸದನ್ನು ಕೊಳ್ಳುವ ಶಕ್ತಿ ನನಗಿರಲಿಲ್ಲವಾದ್ದರಿಂದ ಮೂರನೆಯ ಮಾಲೀಕನಾಗಿ ಕೊಂಡೆ. ಕಂಪನಿಯ ಹೆಸರನ್ನು ಹೇಳುವುದಿಲ್ಲ, ಏಕೆಂದರೆ ಇಂದು ಹೇಳಲಿರುವ ಪ್ರಸಂಗದಲ್ಲಿ ತಪ್ಪು ಮಾಡಿದವನು ನಾನೇ.

ಈ ಕಾರನ್ನು ಕಂಡವರು ಕೇಳುವ ಪ್ರಶ್ನೆಗಳು ಎರಡೇ: ಎಷ್ಟು ಸ್ಪೀಡ್ ಹೋಗುತ್ತದೆ, ಲೀಟರಿಗೆ ಎಷ್ಟು ಕೊಡುತ್ತದೆ. ವಾರದಲ್ಲಿ ಎಷ್ಟು ದಿನ ನಿಂತೇ ಇರುತ್ತದೆ ಎಂದು ಇದುವರೆಗೆ ಒಬ್ಬರೂ ಕೇಳಿಲ್ಲ. ಆದರೆ ನಮ್ಮ ಊರುಗಳಲ್ಲಿ ಸ್ಪೋರ್ಟ್ಸ್ ಕಾರು ನಡುದಾರಿಯಲ್ಲಿ ಕೈಕೊಡುವುದು ಜೋರಾಗಿ ಓಡಿಸಿದ್ದರಿಂದಲ್ಲ, ಓಡಿಸದೆ ಮುಚ್ಚಿಟ್ಟದ್ದರಿಂದ ಎಂಬುದು ಆರು ವರ್ಷಗಳಲ್ಲಿ ನಾನು ಕಂಡುಕೊಂಡ ಸಂಗತಿ.

ಎರಡು ವರ್ಷಗಳ ಹಿಂದೆ ಸೀಗೆ ಹುಣ್ಣಿಮೆಗೆಂದು ಬೆಳಗಾವಿಯ ಅಕ್ಕನ ಮನೆಗೆ ಹೊರಟಿದ್ದೆವು. ಮಳೆಗಾಲವಿಡೀ ಕಾರು ಹೊದಿಕೆಯೊಳಗೇ ಇತ್ತು. ಬೆಳಿಗ್ಗೆ ಸ್ಟಾರ್ಟರ್ ಒಮ್ಮೆ ನಿಟ್ಟುಸಿರು ಬಿಟ್ಟು ಆಮೇಲೆ ತಿರುಗಿತು. ಅದನ್ನು ಎಚ್ಚರಿಕೆ ಎಂದು ತಿಳಿಯದೆ ಶುಭಶಕುನ ಎಂದುಕೊಂಡೆ. ಶಿರವಳದ ಬಳಿ ಪೆಟ್ರೋಲ್ ತುಂಬಿಸಿ, ಚಹಾ ಕುಡಿಯುವಷ್ಟು ಹೊತ್ತು ರೇಡಿಯೊ ಹಾಕಿಕೊಂಡೇ ಕುಳಿತು, ಮತ್ತೆ ಕೀಲಿ ತಿರುಗಿಸಿದಾಗ ಕಟಕಟ ಎಂಬ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಪಟ್ಟು ಬಿಡದೆ ಹತ್ತು ಸಲ ತಿರುಗಿಸಿ, ಬ್ಯಾಟರಿಯಲ್ಲಿ ಉಳಿದಿದ್ದ ಜೀವವನ್ನೂ ಹಿಂಡಿಬಿಟ್ಟೆ. ನನ್ನ ಕಾರಿನಲ್ಲಿ ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯಲ್ಲಿ, ಮತ್ತು ಆ ಡಿಕ್ಕಿಯ ಬೀಗ ತೆರೆಯುವುದು ವಿದ್ಯುತ್ತಿನಿಂದ. ತಿಜೋರಿಯ ಕೀಲಿಯನ್ನು ತಿಜೋರಿಯೊಳಗೇ ಇಟ್ಟು ಬೀಗ ಹಾಕಿದಂತೆ, ಬ್ಯಾಟರಿ ಸತ್ತರೆ ಬ್ಯಾಟರಿಯ ಬಳಿ ಹೋಗುವ ದಾರಿಯೂ ಮುಚ್ಚಿತು.

ಇದಕ್ಕೆ ಉಪಾಯವಿದೆ, ಮಾಲೀಕರ ಕೈಪಿಡಿಯಲ್ಲಿ ಬರೆದೂ ಇದೆ. ಚಾಲಕನ ಕಾಲಿನ ಬಳಿಯ ಫ್ಯೂಸ್ ಪೆಟ್ಟಿಗೆಯಿಂದ ಒಂದು ಲೋಹದ ತುದಿಯನ್ನು ಹೊರಗೆಳೆದು, ಅದಕ್ಕೆ ಬೇರೊಂದು ಬ್ಯಾಟರಿಯ ಧನ ತಂತಿಯನ್ನೂ, ಬಾಗಿಲಿನ ಕೊಂಡಿಗೆ ಋಣ ತಂತಿಯನ್ನೂ ತಾಗಿಸಿದರೆ, ಬೀಗ ತೆರೆಯುವಷ್ಟು ವಿದ್ಯುತ್ ಸಿಗುತ್ತದೆ. ಕೈಪಿಡಿ ಎಲ್ಲಿತ್ತು ಎಂದು ಕೇಳಬೇಡಿ. ಹಾಳಾಗಬಾರದೆಂದು ಮನೆಯ ಕಪಾಟಿನಲ್ಲಿ ಜೋಪಾನವಾಗಿ ಇಟ್ಟಿದ್ದೆ. ಮಗನಿಗೆ ಫೋನ್ ಮಾಡಿ, ಅವನು ಪುಟದ ಚಿತ್ರ ತೆಗೆದು ಕಳಿಸಿದ ಮೇಲೆ ವಿಷಯ ತಿಳಿಯಿತು.

ಬ್ಯಾಟರಿ ಕೊಟ್ಟವರು ಬಾಗಲಕೋಟೆ ಕಡೆಯ ಒಬ್ಬ ಲಾರಿ ಚಾಲಕರು. ನಾನು ಕಂಗಾಲಾಗಿ ಹೆಂಡತಿಯೊಂದಿಗೆ ಆಡುತ್ತಿದ್ದ ಕನ್ನಡ ಕಿವಿಗೆ ಬಿದ್ದು ತಾವಾಗಿಯೇ ಬಂದರು. ಲಾರಿಯಲ್ಲಿ ಇರುವುದು 24 ವೋಲ್ಟ್, ಅಂದರೆ 12 ವೋಲ್ಟಿನ ಎರಡು ಬ್ಯಾಟರಿಗಳ ಸರಣಿ; ಅದನ್ನು ಹಾಗೆಯೇ ಕಾರಿಗೆ ಕೊಟ್ಟರೆ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ಸುಟ್ಟುಹೋಗಬಹುದು. ನಾನು ಹಿಂಜರಿಯುತ್ತಿದ್ದುದನ್ನು ಕಂಡು, "ಒಂದರಿಂದ ಅಷ್ಟ ಕೊಡ್ತೀನಿ, ಹೆದರಬ್ಯಾಡ್ರಿ" ಎಂದು ಹೇಳಿ, ಚಾಸಿಗೆ, ಅಂದರೆ ಲಾರಿಯ ಲೋಹದ ಚೌಕಟ್ಟಿಗೆ, ಕೂಡಿದ್ದ ಒಂದೇ ಬ್ಯಾಟರಿಯಿಂದ ತಂತಿ ಎಳೆದರು. ತಂತಿ ತಾಗಿದೊಡನೆ ಅಲಾರಂ ಕಿರುಚತೊಡಗಿ ಪಂಪಿನಲ್ಲಿದ್ದವರೆಲ್ಲ ಸುತ್ತುಗಟ್ಟಿದರು. ಡಿಕ್ಕಿ ತೆರೆದುಕೊಂಡಿತು. ಒಳಗೆ ಕಂಡದ್ದು ಎರಡು ಚೀಲ ಮತ್ತು ಬಾಕರವಡಿಯ ಪೊಟ್ಟಣಗಳು. ಅವರು ಹಿಂದಕ್ಕೆ ಹೋಗಿ ಅಲ್ಲಿಯೂ ಇಣುಕಿದರು, ಅಲ್ಲಿಯೂ ಚೀಲವೇ. "ಅಲ್ರೀ ಸಾಹೇಬ್ರ, ಮುಂದ ನೋಡಿದ್ರ ಡಿಕ್ಕಿ, ಹಿಂದ ನೋಡಿದ್ರ ಡಿಕ್ಕಿ, ಇಂಜಿನ್ ಎಲ್ಲಿ ಬಿಟ್ಟು ಬಂದ್ರಿ?" ಸೀಟುಗಳ ಹಿಂದೆ, ಚಾವಣಿ ಮಡಚಿ ಕೂರುವ ಜಾಗದ ಕೆಳಗೆ ಇದೆ ಎಂದು ತೋರಿಸಿದಾಗ ಅವರ ಮುಖದಲ್ಲಿ ಮೂಡಿದ್ದು ಮೆಚ್ಚುಗೆಯಲ್ಲ, ಕರುಣೆ. ಚಹಾದ ದುಡ್ಡನ್ನೂ ಅವರು ನನ್ನಿಂದ ತೆಗೆದುಕೊಳ್ಳಲಿಲ್ಲ. ಬೆಳಗಾವಿ ಮುಟ್ಟುವವರೆಗೆ ನಾನು ಇಂಜಿನ್ ಆರಿಸಲಿಲ್ಲ.

ಲೆಕ್ಕವೇನೋ ಸರಳವಾಗಿದೆ. ಕೀಲಿ ತೆಗೆದು ಮನೆಗೆ ಹೋದ ಮೇಲೂ ಅಲಾರಂ, ಸರಿಯಾದ ಕೀಲಿ ಇಲ್ಲದೆ ಇಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಇಮ್ಮೊಬಿಲೈಸರ್, ರಿಮೋಟಿನ ರಿಸೀವರ್ ಇವೆಲ್ಲ ಎಚ್ಚರವಾಗಿಯೇ ಇರುತ್ತವೆ. ಇವೆಲ್ಲ ಸೇರಿ 50 ಮಿಲಿ ಆಂಪಿಯರ್ ಎಳೆದರೂ ದಿನಕ್ಕೆ 1.2 ಆಂಪಿಯರ್ ಅವರ್ (ಬ್ಯಾಟರಿ ಹಿಡಿದಿಡುವ ವಿದ್ಯುತ್ತಿನ ಅಳತೆ) ಖರ್ಚಾಗುತ್ತದೆ. 60 ಆಂಪಿಯರ್ ಅವರಿನ ಬ್ಯಾಟರಿಯಲ್ಲಿ ತಿಂಗಳಿಗೆ ಅರ್ಧಕ್ಕಿಂತ ಹೆಚ್ಚು ಖಾಲಿ. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ, 12ಕ್ಕೆ ಇಳಿದರೆ ಬಹುತೇಕ ಬರಿದಾಗಿದೆ ಎಂದರ್ಥ. ಬರಿದಾಗಿಯೇ ವಾರಗಟ್ಟಲೆ ಇದ್ದರೆ ಒಳಗಿನ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ದೂರ ಓಡಿಸಿದರೂ ಅದು ಚಾರ್ಜನ್ನು ಸರಿಯಾಗಿ ಹಿಡಿದಿಟ್ಟುಕೊಳ್ಳುವುದಿಲ್ಲ.

ಆಗ ಎಲ್ಲರೂ ಕೊಡುವ ಸಲಹೆ, ಭಾನುವಾರ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕು ಎಂಬುದು. ಇದಕ್ಕಿಂತ ಕೆಟ್ಟ ಸಲಹೆಯನ್ನು ನಾನು ಕೇಳಿಲ್ಲ. ನಿಂತಲ್ಲೇ ನಿಧಾನವಾಗಿ ತಿರುಗುವ ಇಂಜಿನ್ ಆ ಅಲ್ಪಾವಧಿಯಲ್ಲಿ ಬ್ಯಾಟರಿಗೆ ಸಾಕಷ್ಟು ಮರಳಿ ಕೊಡುವುದಿಲ್ಲ. ಆಯಿಲ್ ಬಿಸಿಯಾಗುವ ಮೊದಲೇ ಆರಿಸುವುದರಿಂದ, ಉರಿಯುವಾಗ ಹುಟ್ಟಿದ ನೀರಾವಿಯೂ ಉರಿಯದೆ ಉಳಿದ ಪೆಟ್ರೋಲೂ ಆಯಿಲಿನಲ್ಲೇ ಸೇರಿಕೊಳ್ಳುತ್ತವೆ. ಸೈಲೆನ್ಸರಿನಲ್ಲಿ ನೀರು ನಿಂತು ತುಕ್ಕು ಹಿಡಿಯುತ್ತದೆ. ನೀರಿನ ಉಷ್ಣತೆ ತೋರಿಸುವ ಮುಳ್ಳು ಮೇಲೇರಿತೆಂದರೆ ಆಯಿಲ್ ಬಿಸಿಯಾಯಿತೆಂದಲ್ಲ, ಅದಕ್ಕೆ ಇನ್ನಷ್ಟು ಹೊತ್ತು ಬೇಕು. ಆದ್ದರಿಂದ ಈಗ ನಾನು ವಾರಕ್ಕೊಮ್ಮೆ, ಬೆಳಗಿನ ಆರಕ್ಕೆ, ಪೌಡ್ ರಸ್ತೆ ಹಿಡಿದು ಮುಳಶಿಯ ಕಡೆಗೆ ಹೋಗಿ ಬರುತ್ತೇನೆ. ಅವಸರವಿಲ್ಲ; ಒಂದು ಗಂಟೆ ಓಡಿದರೆ ಸಾಕು.

ನಿಂತ ಕಾರಿಗೆ ಇನ್ನೊಂದು ಶತ್ರು ಎಲೆ. ಪುಣೆಯ ರಸ್ತೆಗಳ ಮಳೆಮರಗಳ ಚಿಕ್ಕ ಎಲೆಗಳು ಗಾಳಿಗೆ ಎಲ್ಲಿ ಬೇಕಾದರೂ ನುಸುಳುತ್ತವೆ. ಬಟ್ಟೆಯ ಚಾವಣಿಯ ಕಾರುಗಳಲ್ಲಿ ಮಳೆನೀರು ಇಳಿದುಹೋಗಲು ಚಾವಣಿಯ ಬುಡದಲ್ಲಿ ಬೆರಳು ತೂರದಷ್ಟು ಸಣ್ಣ ರಂಧ್ರಗಳಿರುತ್ತವೆ. ಅವು ಮುಚ್ಚಿಕೊಂಡರೆ ನೀರು ಸೀಟಿನ ಕೆಳಗಿನ ಕಾರ್ಪೆಟ್ಟಿಗೆ ಇಳಿಯುತ್ತದೆ, ಮತ್ತು ಕೆಲವು ಮಾದರಿಗಳಲ್ಲಿ ಅಲಾರಂ ಹಾಗೂ ಇಮ್ಮೊಬಿಲೈಸರಿನ ಪೆಟ್ಟಿಗೆ ಇರುವುದೂ ಅಲ್ಲಿಯೇ. ಮೃಗಶಿರಾ ಮಳೆಗೆ ಮುಂಚೆ ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ಆ ರಂಧ್ರಗಳಲ್ಲಿ ಆಡಿಸಿ, ಒಂದು ಲೋಟ ನೀರು ಸುರಿದು ಅದು ಚಕ್ರದ ಹಿಂದೆ ನೆಲಕ್ಕೆ ತೊಟ್ಟಿಕ್ಕುವುದನ್ನು ಕಣ್ಣಾರೆ ನೋಡುವುದು ನನ್ನ ಮನೆಯಲ್ಲಿ ಹಬ್ಬದಷ್ಟೇ ಕಡ್ಡಾಯ. ಮುಂದಿನ ಬಂಪರಿನ ಬಾಯಿಯಲ್ಲಿರುವ ರೇಡಿಯೇಟರುಗಳಲ್ಲೂ ಇದೇ ಕಸ ಸೇರುತ್ತದೆ. ಮುಂಬೈ ದಾರಿಯ ಭೋರ್ ಘಾಟಿನಲ್ಲಿ ಲಾರಿಗಳ ಹಿಂದೆ ಮೊದಲ ಗೇರಿನಲ್ಲಿ ತೆವಳುವಾಗ, ಇಂಜಿನ್ ಬಿಸಿಯೇರಿ, ಅದರ ಬೆಲೆ ತಿಳಿಯುತ್ತದೆ.

ಬ್ರೇಕ್ ದ್ರವದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಅದು ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಎಂಬ ದರ್ಜೆಯ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ತೇವ ಹೀರಿದ ಮೇಲಿನ ಮಿತಿ 155 ಡಿಗ್ರಿ ಮಾತ್ರ. ಓಡೋಮೀಟರ್ ಕದಲದಿದ್ದರೂ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಟೈರಿನ ವಯಸ್ಸೂ ಹಾಗೆಯೇ: ಪಕ್ಕದ ಗೋಡೆಯ ಮೇಲೆ 2319 ಎಂದಿದ್ದರೆ ಅದು 2019ರ 23ನೇ ವಾರದ ಟೈರು, ನೆಲಕ್ಕೆ ತಾಗುವ ಮೈಯ ಗೀರು ಸವೆಯದೆ ಎಷ್ಟೇ ಆಳವಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ. ಸ್ಟೆಪ್ನಿ ಇಲ್ಲದ ಕಾರುಗಳಲ್ಲಿ ಕೊಡುವ ಅಂಟಿನ ಡಬ್ಬಿ ಮೊಳೆಯ ತೂತಿಗೆ ಆಗುತ್ತದೆ, ಹೊಂಡದ ಅಂಚಿಗೆ ಬಡಿದು ಟೈರಿನ ಪಕ್ಕ ಸೀಳಿದರೆ ಆಗುವುದಿಲ್ಲ. ಇನ್ನು ರೋಡ್ ಹಂಪುಗಳ ವಿಷಯ. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಅವು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ನಮ್ಮ ಓಣಿಯಲ್ಲಿರುವುದು ಮಲಗಿದ ತೆಂಗಿನ ಮರ.

ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳಬೇಕೆಂದು ಕೇಳುವವರಿಗೆ ನಾನು ಹೇಳುವುದು ಇಷ್ಟು. ಕಾರಿನ ಬೆಲೆ ಇಳಿದಂತೆ ಬಿಡಿಭಾಗದ ಬೆಲೆ ಇಳಿಯುವುದಿಲ್ಲ; ಕೊಳ್ಳುವುದು ಸೆಕೆಂಡ್ ಹ್ಯಾಂಡ್ ಬೆಲೆಗೆ, ಸಾಕುವುದು ಶೋರೂಮ್ ಬೆಲೆಗೆ. ದಾರಿಯಲ್ಲಿ ನಿಂತರೆ ಚಕ್ರ ಎತ್ತಿ ಎಳೆಯುವ ಕ್ರೇನನ್ನು ವಾಪಸು ಕಳಿಸಿ, ಇಡೀ ಕಾರನ್ನು ಮೇಲೆ ಹೊತ್ತೊಯ್ಯುವ ಫ್ಲ್ಯಾಟ್‌ಬೆಡ್ ಲಾರಿಗೇ ಕಾಯಿರಿ. ಏರಿಸುವಾಗ ಕಾರಿನ ಮೂಗು ತಾಗದಂತೆ ಎರಡು ಮರದ ಹಲಗೆ ಬೇಕಾಗುತ್ತದೆ. ಎಕ್ಸ್‌ಪ್ರೆಸ್‌ವೇಯಲ್ಲಾದರೆ ಒಳಗೆ ಕೂರಲೇಬೇಡಿ, ಕಟಾಂಜನದ ಆಚೆ ಹೋಗಿ ನಿಲ್ಲಿ. 1.3 ಮೀಟರ್ ಎತ್ತರದ ಕಾರು ರಾತ್ರಿಯಲ್ಲಿ ಲಾರಿಯವರ ಕಣ್ಣಿಗೆ ತಡವಾಗಿ ಬೀಳುತ್ತದೆ.

ಶಿರವಳದಿಂದ ಬಂದ ಮೇಲೆ ಪಾರ್ಕಿಂಗಿನಲ್ಲಿ ಒಂದು ಪ್ಲಗ್ ಪಾಯಿಂಟ್ ಕೊಡಿ, ಬ್ಯಾಟರಿಗೆ ಸಣ್ಣ ಚಾರ್ಜರ್ ಹಾಕಿಡುತ್ತೇನೆ ಎಂದು ಸೊಸೈಟಿಗೆ ಅರ್ಜಿ ಹಾಕಿದೆ. ಮೂರು ಸಭೆಗಳಲ್ಲಿ ಅದು ತಿರಸ್ಕೃತವಾಯಿತು. ಕಳೆದ ವರ್ಷ ಮೂರನೆಯ ಮಹಡಿಯವರು ವಿದ್ಯುತ್ ಕಾರು ಕೊಂಡಾಗ ಅದೇ ಕಂಬಕ್ಕೆ ಒಂದೇ ವಾರದಲ್ಲಿ ಸಾಕೆಟ್ ಬಂತು. ಅವರು ಊರಿಗೆ ಹೋದ ರಾತ್ರಿಗಳಲ್ಲಿ, ಅವರ ಮೀಟರಿನ ಲೆಕ್ಕ ಬರೆದಿಟ್ಟುಕೊಂಡು, ನನ್ನ ಪೆಟ್ರೋಲ್ ಕಾರನ್ನು ಆ ಸಾಕೆಟ್ಟಿಗೆ ಜೋಡಿಸುತ್ತೇನೆ.