ಗುಳಿಗೆ ಶುರುವಾದ ಮೇಲೆ ಕಾಲಿಗೆ ಬಾವು ಬಂದರೆ

ಎಲ್ಲರಿಗೂ ಶರಣು ಶರಣಾರ್ಥಿ.

ಇಷ್ಟು ಬಿಸಿಲಲ್ಲೂ ನೀವೆಲ್ಲ ಬಂದಿದ್ದೀರಿ, ಬಹಳ ಸಂತೋಷ. ಹಿಂದೆ ನಿಂತಿರುವ ತಾಯಂದಿರೇ, ಮುಂದೆ ಕುರ್ಚಿ ಖಾಲಿ ಇವೆ, ಬನ್ನಿ. ನಡುವೆ ಕಾಲು ಭಾರ ಅನಿಸಿದರೆ ಎದ್ದು ನಾಲ್ಕು ಹೆಜ್ಜೆ ಓಡಾಡಿ, ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಇವತ್ತಿನ ವಿಷಯವೇ ಅದು.

ಕಲಬುರಗಿಯಲ್ಲಿ ವೈದ್ಯನಾಗಿ ಕೂತವನಿಗೆ ಏಪ್ರಿಲ್, ಮೇ ತಿಂಗಳಲ್ಲಿ ಮೇಲಿಂದ ಮೇಲೆ ಕೇಳಿಬರುವ ಮಾತೊಂದಿದೆ. "ಸಾಹೇಬ್ರೆ, ಸಂಜಿ ಆತಂದ್ರ ಕಾಲು ಬಾತು ಬರ್ತಾವ್ರಿ. ಚಪ್ಪಲ್ ಹಿಡಿಯಂಗಿಲ್ರಿ." ಇಂಥವರು ಬಂದಾಗ ನಾನು ಕಾಲು ನೋಡುವ ಮುಂಚೆ ಗುಳಿಗೆಯ ಚೀಲ ಕೇಳುತ್ತೇನೆ. ಎಷ್ಟೋ ಸಲ ಉತ್ತರ ಆ ಚೀಲದಲ್ಲೇ ಇರುತ್ತದೆ.

ಅದರಲ್ಲಿ ಮೊದಲು ಹುಡುಕುವ ಹೆಸರು ಅಮ್ಲೋಡಿಪಿನ್. ಬಿಪಿಗೆ ನಮ್ಮಲ್ಲಿ ತುಂಬಾ ಬಳಕೆಯಲ್ಲಿರುವ ಗುಳಿಗೆ ಇದು. ಸರ್ಕಾರಿ ದವಾಖಾನೆಗಳಲ್ಲಿ ಪುಕ್ಕಟೆ ಕೊಡುವ ಗುಳಿಗೆಗಳಲ್ಲಿ ಇದೂ ಒಂದು. ಬೇರೆ ಗುಳಿಗೆಯ ಜೊತೆ ಸೇರಿಕೊಂಡೂ ಬರುತ್ತದೆ. ಬ್ರ್ಯಾಂಡ್ ಹೆಸರಿನ ಕೊನೆಗೆ 'ಎ ಎಂ' ಅಂತ ಇದ್ದರೆ ಸಾಮಾನ್ಯವಾಗಿ ಒಳಗೆ ಅಮ್ಲೋಡಿಪಿನ್ ಇದೆ ಅಂತಲೇ ಅರ್ಥ. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಮನೆಯ ಮಕ್ಕಳಿಂದ ಓದಿಸಿಕೊಳ್ಳಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಮ್ಲೋಡಿಪಿನ್ ಒಳ್ಳೆಯ ಗುಳಿಗೆ. ಲಕ್ವಾ ಹೊಡೆಯದಂತೆ ಲಕ್ಷಾಂತರ ಜನರನ್ನು ಕಾಪಾಡಿದೆ. ಅದರ ಮೇಲೆ ಭಯ ಹುಟ್ಟಿಸಲು ನಾನು ಬಂದಿಲ್ಲ. ಆದರೆ ಕೆಲವರಲ್ಲಿ ಅದು ಕಾಲಿಗೆ ಬಾವು ತರುತ್ತದೆ, ಮತ್ತು ಇದು ಡೋಸಿಗೆ ತಕ್ಕಂತೆ ಏರುತ್ತದೆ. ಈ ಔಷಧಿಯ ಅಧಿಕೃತ ಮಾಹಿತಿ ಪತ್ರದಲ್ಲೇ ಲೆಕ್ಕ ಇದೆ. ದಿನಕ್ಕೆ 5 ಮಿಲಿಗ್ರಾಂ ತೆಗೆದುಕೊಂಡವರಲ್ಲಿ 100ಕ್ಕೆ 3 ಜನರಿಗೆ ಬಾವು ಬಂತು. 10 ಮಿಲಿಗ್ರಾಂ ತೆಗೆದುಕೊಂಡವರಲ್ಲಿ 100ಕ್ಕೆ ಸುಮಾರು 11 ಜನರಿಗೆ. ಹೆಂಗಸರಲ್ಲಿ ಇದು ಗಂಡಸರಿಗಿಂತ ಎರಡು ಪಟ್ಟಿಗೂ ಜಾಸ್ತಿ. ಹಾಗಾಗಿ 5ರ ಗುಳಿಗೆ 10 ಆದ ಮೇಲೆ ಬಾವು ಬಂತೆಂದರೆ ಆ ತಾರೀಖು ನೆನಪಿಟ್ಟುಕೊಳ್ಳಿ. ಡಾಕ್ಟರಿಗೆ ಅದಕ್ಕಿಂತ ಒಳ್ಳೆಯ ಸುಳಿವು ಬೇರೆ ಇಲ್ಲ.

ಯಾಕೆ ಹೀಗಾಗುತ್ತದೆ? ಹೊಲಕ್ಕೆ ನೀರು ಬರುವ ತೂಬನ್ನು ದೊಡ್ಡದು ಮಾಡಿ, ನೀರು ಹೊರಗೆ ಹೋಗುವ ಬಸಿಗಾಲುವೆಯನ್ನು ಹಾಗೇ ಬಿಟ್ಟರೆ ಏನಾಗುತ್ತದೆ? ಹೊಲ ಜವುಳು ಹಿಡಿಯುತ್ತದೆ. ಅಮ್ಲೋಡಿಪಿನ್ ರಕ್ತ ತರುವ ಸಣ್ಣ ನಾಳಗಳನ್ನು ಅಗಲ ಮಾಡುತ್ತದೆ, ಅದರಿಂದಲೇ ಬಿಪಿ ಇಳಿಯುತ್ತದೆ. ರಕ್ತ ವಾಪಸ್ ಒಯ್ಯುವ ನಾಳಗಳನ್ನು ಅಷ್ಟು ಅಗಲ ಮಾಡುವುದಿಲ್ಲ. ನಡುವಿನ ಕೂದಲೆಳೆಯಂಥ ನಾಳಗಳಲ್ಲಿ ಒತ್ತಡ ಏರಿ, ನೀರಿನ ಅಂಶ ಹೊರಗೆ ಜಿನುಗುತ್ತದೆ. ನಿಂತಾಗ, ಕೂತಾಗ ಎಲ್ಲ ಭಾರ ಕೆಳಗೇ ಅಲ್ವಾ? ಅದಕ್ಕೇ ಪಾದ ಮತ್ತು ಪಾದದ ಗಂಟಿನ ಸುತ್ತ ತುಂಬಿಕೊಳ್ಳುತ್ತದೆ. ಎರಡೂ ಕಾಲಿಗೆ ಬರುತ್ತದೆ. ಸಂಜೆ ಜಾಸ್ತಿ, ಬೆಳಗ್ಗೆ ಎದ್ದಾಗ ಕಡಿಮೆ. ಬಿಸಿಲಿಗೆ ರಕ್ತನಾಳಗಳು ತಾವಾಗಿಯೇ ಅಗಲವಾಗುತ್ತವೆ, ನಮ್ಮ ಊರಿನ ಬೇಸಿಗೆಯಲ್ಲಿ ಇದು ಹೆಚ್ಚಾಗುವುದು ಅದಕ್ಕೇ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದು ಬಂದ ಮಾತಿಗೆ ಬರುತ್ತೇನೆ. ಈ ಬಾವು ಮೈಯಲ್ಲಿ ನೀರು ಜಾಸ್ತಿಯಾಗಿ ಬಂದದ್ದಲ್ಲ. ಇರುವ ನೀರು ತಪ್ಪು ಜಾಗದಲ್ಲಿ ಕೂತಿದೆ, ಅಷ್ಟೇ. ಹಾಗಾಗಿ ಮೂತ್ರ ಹೋಗುವ ಗುಳಿಗೆ ನುಂಗಿದರೆ ಇದು ಅಷ್ಟಾಗಿ ಇಳಿಯುವುದಿಲ್ಲ. ಆದರೆ ನಡೆಯುವುದೇನು? ಕಾಲು ಬಾತಿದೆ ಅಂತ ಔಷಧಿ ಅಂಗಡಿಯಲ್ಲಿ ಹೇಳುತ್ತೇವೆ, ಅವರು ಒಂದು ನೀರಿನ ಗುಳಿಗೆ ಕೊಡುತ್ತಾರೆ. ಒಬ್ಬ ತಾಯಿಗೆ ಹೀಗೇ ಆಗಿತ್ತು. ಬಿಪಿ ಗುಳಿಗೆಯಿಂದ ಕಾಲಿಗೆ ಬಾವು. ಬಾವಿಗೆ ಫ್ಯೂರೋಸಮೈಡ್ ಎಂಬ ನೀರಿನ ಗುಳಿಗೆ. ಅದರಿಂದ ಸೋಡಿಯಂ, ಪೊಟ್ಯಾಸಿಯಂ ಇಳಿದು ಮೀನಖಂಡ ಹಿಡಿದುಕೊಳ್ಳಲು ಶುರುವಾಯಿತು, ಸುಸ್ತು, ತಲೆ ತಿರುಗು. ತಲೆ ತಿರುಗಿಗೆ ಮತ್ತೊಂದು ಗುಳಿಗೆ. ಕೊನೆಗೆ ರಾತ್ರಿ ಮೂತ್ರಕ್ಕೆ ಎದ್ದಾಗ ಬಚ್ಚಲಲ್ಲಿ ಬಿದ್ದರು. ಬಾವು ಮಾತ್ರ ಇದ್ದಲ್ಲೇ ಇತ್ತು. ಮೊದಲ ದಿನವೇ ಯಾರಾದರೂ "ಈ ಗುಳಿಗೆಯಿಂದ ಆಗಿರಬಹುದಾ?" ಅಂತ ಕೇಳಿದ್ದರೆ ಆ ತಾಯಿ ಅಷ್ಟು ನೋವು ತಿನ್ನಬೇಕಿರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಆ ಒಂದು ಪ್ರಶ್ನೆ ಕೇಳುವುದನ್ನು ನೀವೆಲ್ಲ ರೂಢಿ ಮಾಡಿಕೊಳ್ಳಬೇಕು. ಡಾಕ್ಟರನ್ನು ಹೀಗೆ ಕೇಳಲು ಸಂಕೋಚ ಬೇಡ.

ಹಾಗಂತ ಗುಳಿಗೆ ನೀವೇ ಬಿಡಬೇಡಿ. ಇದನ್ನು ಕೈಮುಗಿದು ಹೇಳುತ್ತೇನೆ. ಬಿಪಿ ಏರಿದರೆ ಬಹಳ ಜನರಿಗೆ ಏನೂ ಗೊತ್ತಾಗುವುದಿಲ್ಲ. ಕಾಲಿನ ಬಾವು ಕಣ್ಣಿಗೆ ಕಾಣುತ್ತದೆ, ಏರಿದ ಬಿಪಿ ಕಾಣುವುದಿಲ್ಲ. ಕಾಣುವ ತೊಂದರೆಗೆ ಹೆದರಿ ಕಾಣದ ತೊಂದರೆಯನ್ನು ಮೈಮೇಲೆ ಎಳೆದುಕೊಳ್ಳುವುದು ಬೇಡ. ಡಾಕ್ಟರ ಹತ್ತಿರ ದಾರಿಗಳು ಬೇಕಾದಷ್ಟಿವೆ. 10 ಮಿಲಿಗ್ರಾಂ ಇದ್ದದ್ದನ್ನು 5ಕ್ಕೆ ಇಳಿಸಬಹುದು. ಟೆಲ್ಮಿಸಾರ್ಟಾನ್ ಅಥವಾ ರಾಮಿಪ್ರಿಲ್ ಜಾತಿಯ ಗುಳಿಗೆ ಜೋಡಿಸಬಹುದು. ಇವು ರಕ್ತ ವಾಪಸ್ ಒಯ್ಯುವ ನಾಳಗಳನ್ನೂ ಸ್ವಲ್ಪ ಅಗಲ ಮಾಡುವುದರಿಂದ ಬಾವು ಕಡಿಮೆಯಾಗುತ್ತದೆ. ಸಿಲ್ನಿಡಿಪಿನ್ ಎಂಬ ಅದೇ ಕುಟುಂಬದ ಗುಳಿಗೆಯಲ್ಲಿ ಬಾವು ಕಡಿಮೆ, ಅದಕ್ಕೆ ಬದಲಾಯಿಸಬಹುದು. ಯಾರಿಗೆ ಯಾವುದು ಎಂಬುದು ನಿಮ್ಮ ಕಿಡ್ನಿ, ಹೃದಯ, ವಯಸ್ಸು ನೋಡಿ ಡಾಕ್ಟರ್ ತೀರ್ಮಾನಿಸುತ್ತಾರೆ. ಬದಲಾಯಿಸಿದ ಮರುದಿನವೇ ಕಾಲು ಇಳಿಯಲಿಲ್ಲ ಅಂತ ಗಾಬರಿ ಆಗಬೇಡಿ. ಅಮ್ಲೋಡಿಪಿನ್ ಮೈಯಿಂದ ನಿಧಾನವಾಗಿ ಹೋಗುತ್ತದೆ. ಬಾವು ಇಳಿಯಲು ಒಂದೆರಡು ವಾರ ಹಿಡಿಯಬಹುದು.

ಬಾವು ತರುವುದು ಇದೊಂದೇ ಅಲ್ಲ. ಸಕ್ಕರೆ ಕಾಯಿಲೆಗೆ ಕೊಡುವ ಪಯೋಗ್ಲಿಟಾಜೋನ್ ಮೈಯಲ್ಲಿ ಉಪ್ಪು, ನೀರು ಹಿಡಿದಿಡುತ್ತದೆ. ಇನ್ಸುಲಿನ್ ಜೊತೆ ಸೇರಿದರೆ ಇನ್ನೂ ಜಾಸ್ತಿ. 2013ರಲ್ಲಿ ನಮ್ಮ ದೇಶದಲ್ಲಿ ಇದರ ಮಾರಾಟ ನಿಲ್ಲಿಸಿ, ಕೆಲವೇ ವಾರಗಳಲ್ಲಿ ಎಚ್ಚರಿಕೆಯ ಬರಹದೊಂದಿಗೆ ಮತ್ತೆ ಬಿಟ್ಟರು. ಹೃದಯ ದುರ್ಬಲ ಇರುವವರಿಗೆ ಇದು ಬೇಡವೇ ಬೇಡ. ಪಯೋಗ್ಲಿಟಾಜೋನ್ ತೆಗೆದುಕೊಳ್ಳುವಾಗ ಕಾಲು ಬಾತು, ಜೊತೆಗೆ ಏದುಸಿರು ಬಂದರೆ ಅವತ್ತೇ ದವಾಖಾನೆಗೆ ಹೋಗಿ. ಕಾಲು ಉರಿ, ಜುಮ್ಮು ಹಿಡಿಯುವುದಕ್ಕೆ ಕೊಡುವ ಪ್ರೆಗಾಬಾಲಿನ್, ಗಾಬಾಪೆಂಟಿನ್ ಕೂಡ ಕೆಲವರಲ್ಲಿ ಬಾವು ತರುತ್ತವೆ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಚಿಂತೆ ಇರುವುದು ನೋವಿನ ಗುಳಿಗೆಗಳ ಬಗ್ಗೆ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್. ತೊಗರಿ ಹೊಲದಲ್ಲಿ ಬಗ್ಗಿ ದುಡಿದ ಸೊಂಟ, ಸವೆದ ಮೊಣಕಾಲು. ನೋವಿರುವುದು ನಿಜ, ಗುಳಿಗೆ ಬೇಕನಿಸುವುದೂ ನಿಜ. ಆದರೆ ಇವು ಕಿಡ್ನಿಯಲ್ಲಿ ಉಪ್ಪು ನೀರು ತಡೆಹಿಡಿದು ಬಾವು ತರುತ್ತವೆ, ಬಿಪಿಯನ್ನೂ ಏರಿಸುತ್ತವೆ. ಬೇಸಿಗೆಯಲ್ಲಿ ಬೆವರಿ ಮೈ ಒಣಗಿರುವಾಗ, ಟೆಲ್ಮಿಸಾರ್ಟಾನಿನಂಥ ಬಿಪಿ ಗುಳಿಗೆ, ನೀರಿನ ಗುಳಿಗೆ, ಅದರ ಮೇಲೆ ನೋವಿನ ಗುಳಿಗೆ, ಮೂರೂ ಕೂಡಿದರೆ ಕಿಡ್ನಿಗೆ ದೊಡ್ಡ ಪೆಟ್ಟು ಬೀಳಬಹುದು. ಇನ್ನು ಸಂತೆಯಲ್ಲಿ, ಊರೂರು ತಿರುಗುವವರ ಹತ್ತಿರ ಸಿಗುವ ಹೆಸರಿಲ್ಲದ ಸಂದುನೋವಿನ ಪುಡಿಗಳು. ಅಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಎರಡೇ ದಿನದಲ್ಲಿ ನೋವು ಮಾಯ, ಆಮೇಲೆ ಮುಖ ದುಂಡಗೆ, ಕಾಲು ಬಾವು, ಸಕ್ಕರೆ ಏರಿಕೆ. ಅಂಥದ್ದನ್ನು ಬಹಳ ದಿನದಿಂದ ತಿನ್ನುತ್ತಿದ್ದರೆ ಒಮ್ಮೆಲೇ ಬಿಡುವುದೂ ಅಪಾಯ. ನಾಚಿಕೆ ಪಡದೆ ಡಾಕ್ಟರಿಗೆ ಹೇಳಿ, ಉಳಿದ ಪುಡಿ ಇದ್ದರೆ ತೋರಿಸಿ. ನಾವು ಬೈಯುವುದಿಲ್ಲ.

ಎಲ್ಲ ಬಾವಿಗೂ ಗುಳಿಗೆಯೇ ಕಾರಣ ಅಂತಲೂ ತಿಳಿಯಬೇಡಿ. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು, ನೋವು, ಬಿಸಿ ಇದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಆ ಕಾಲನ್ನು ತಿಕ್ಕಬೇಡಿ, ಎಣ್ಣೆ ಹಚ್ಚಿ ನೀವಬೇಡಿ, ತಕ್ಷಣ ಹೊರಡಿ. ಮಲಗಿದರೆ ಉಸಿರು ಕಟ್ಟುತ್ತದೆ, ಎದ್ದು ಕೂರಬೇಕು ಅನಿಸುತ್ತದೆ, ಮೂರು ದಿನದಲ್ಲಿ ತೂಕ ಎರಡು ಕಿಲೋ ಏರಿದೆ ಅಂದರೆ ಅದು ಹೃದಯದ ಸೂಚನೆ. ಬೆಳಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು, ಮೂತ್ರದಲ್ಲಿ ನೊರೆ ಇದ್ದರೆ ಕಿಡ್ನಿ ನೋಡಬೇಕು. ಬಸುರಿ ಹೆಣ್ಣುಮಗಳಿಗೆ ಬಾವಿನ ಜೊತೆ ತಲೆನೋವು, ಕಣ್ಣು ಮಂಜು ಬಂದರೆ ಒಂದು ಗಂಟೆಯೂ ಕಾಯಬೇಡಿ. ರಾಮಿಪ್ರಿಲ್, ಎನಾಲಪ್ರಿಲ್ ತೆಗೆದುಕೊಳ್ಳುವವರಿಗೆ ತುಟಿ, ನಾಲಗೆ, ಮುಖ ಊದಿದರೆ 108ಕ್ಕೆ ಕರೆ ಮಾಡಿ. ಮತ್ತೆ, ಕಲಬುರಗಿ, ಬೀದರ್, ಯಾದಗಿರಿ ಮೂರೂ ಆನೆಕಾಲು ರೋಗ ಇದ್ದ ಜಿಲ್ಲೆಗಳು. ವರ್ಷಗಳಿಂದ ನಿಧಾನವಾಗಿ ಏರುವ, ಒತ್ತಿದರೆ ಗುಳಿ ಬೀಳದ, ಚರ್ಮ ದಪ್ಪವಾದ ಬಾವು ಇದ್ದರೆ ಅದರ ಪರೀಕ್ಷೆಯೂ ಆಗಬೇಕು.

ಮನೆಯಲ್ಲಿ ಏನು ಮಾಡಬಹುದು? ಮಧ್ಯಾಹ್ನ ಊಟವಾದ ಮೇಲೆ ಅರ್ಧ ಗಂಟೆ ಮಲಗಿ, ಕಾಲ ಕೆಳಗೆ ಎರಡು ದಿಂಬು ಇಡಿ. ಮಲಗಿದರೆ ಏದುಸಿರು ಬರುವವರು ಮಾತ್ರ ಹೀಗೆ ಮಾಡಬಾರದು. ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿ. ಮೀನಖಂಡ ಬಿಗಿದು ಸಡಿಲಾದಾಗ ರಕ್ತ ಮೇಲಕ್ಕೆ ಹೋಗುತ್ತದೆ. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವಾಗಲೂ ಇದನ್ನು ಮಾಡಿ, ಬಸ್ ನಿಂತಲ್ಲಿ ಇಳಿದು ನಡೆಯಿರಿ. ಬೆಳಗ್ಗೆ ತಂಪು ಹೊತ್ತಿನಲ್ಲಿ ಅಪ್ಪನ ಕೆರೆ ಹತ್ತಿರ ಒಂದು ಸುತ್ತು ಹಾಕಿದರೆ ಬಹಳ ಒಳ್ಳೆಯದು. ಬಿಸಿನೀರಿನಲ್ಲಿ ಕಾಲು ಅದ್ದಬೇಡಿ, ಬಿಸಿ ತಾಗಿದರೆ ಬಾವು ಏರುತ್ತದೆ. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶ ಹೋದವರಿಗೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ಬಿಗಿ ಸಾಕ್ಸ್ ಹಾಕುವ ಮುಂಚೆ ಕಾಲಿನ ನಾಡಿ ಪರೀಕ್ಷೆ ಮಾಡಿಸಿ. ಕಾಲುಂಗುರ ಬಿಗಿಯುತ್ತಿದ್ದರೆ ತೆಗೆದಿಡಿ.

ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ, ಅಂದರೆ ಒಂದು ಸಣ್ಣ ಚಮಚ. ನಮ್ಮ ಜೋಳದ ರೊಟ್ಟಿಯಿಂದ ತೊಂದರೆ ಇಲ್ಲ. ಉಪ್ಪು ಬರುವುದು ಪಕ್ಕದಲ್ಲಿರುವ ಶೇಂಗಾ ಹಿಂಡಿ, ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಯಿಂದ. ಅಮ್ಲೋಡಿಪಿನ್ ಬಾವು ಇದರಿಂದ ಪೂರ್ತಿ ಹೋಗುವುದಿಲ್ಲ, ಆದರೆ ಬಿಪಿ ಇಳಿದರೆ ಗುಳಿಗೆಯ ಡೋಸ್ ಇಳಿಸಲು ದಾರಿಯಾಗುತ್ತದೆ.

ದವಾಖಾನೆಗೆ ಹೋಗುವಾಗ ಚೀಲ ಪೂರ್ತಿ ಒಯ್ಯಿರಿ. ಬಿಪಿಯದ್ದು, ನೋವಿನದ್ದು, ಆಯುರ್ವೇದದ್ದು, ಪಕ್ಕದ ಮನೆಯವರು ಕೊಟ್ಟದ್ದು, ಎಲ್ಲ. ಯಾವ ಗುಳಿಗೆ ಯಾವಾಗ ಶುರುವಾಯಿತು, ಬಾವು ಯಾವಾಗ ಬಂತು, ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಸಂಜೆ ಹೊತ್ತು ಮೊಬೈಲಿನಲ್ಲಿ ಕಾಲಿನ ಫೋಟೋ ತೆಗೆದಿಡಿ. ಬೆಳಗ್ಗೆ ದವಾಖಾನೆಯಲ್ಲಿ ಕಾಲು ತೋರಿಸುವ ಹೊತ್ತಿಗೆ ಬಾವು ಇಳಿದಿರುತ್ತದೆ, ಆಗ ಫೋಟೋ ಉಪಯೋಗಕ್ಕೆ ಬರುತ್ತದೆ.

ಗುಳಿಗೆಯಿಂದ ತೊಂದರೆಯಾದರೆ ವರದಿ ಮಾಡಲು ದೇಶದಲ್ಲಿ ಒಂದು ವ್ಯವಸ್ಥೆ 2010ರಿಂದ ಇದೆ. ಗಾಜಿಯಾಬಾದಿನ ಭಾರತೀಯ ಫಾರ್ಮಾಕೋಪಿಯಾ ಆಯೋಗ ಇದನ್ನು ನೋಡಿಕೊಳ್ಳುತ್ತದೆ. 1800-180-3024ಕ್ಕೆ ಪುಕ್ಕಟೆ ಕರೆ ಮಾಡಬಹುದು. ರೋಗಿಗಳೇ ತುಂಬುವ ಅರ್ಜಿ ಕನ್ನಡದಲ್ಲೂ ಇದೆ.

ಈಗ ನಿಮ್ಮ ಪ್ರಶ್ನೆ ಕೇಳಿ. ಸ್ಟ್ರಿಪ್ ತಂದವರು ಈ ಮೇಜಿನ ಹತ್ತಿರ ಬನ್ನಿ, ಒಳಗೆ ಏನಿದೆ ಅಂತ ಕೂಡಿಯೇ ಓದೋಣ.